ಕಾರಣ ಕೇಳುವ ವಿದ್ಯೆ

ಎರ್ಮಾಳಿನ ಹೆದ್ದಾರಿ ಬದಿಯಲ್ಲಿ ಬೆಳಗ್ಗೆ ಉಡುಪಿಯ ಬಸ್ಸಿಗೋ ಮಂಗಳೂರಿನ ಬಸ್ಸಿಗೋ ಕಾದು ನಿಲ್ಲುವ ಹುಡುಗ ಹುಡುಗಿಯರೇ, ಆ ರಸ್ತೆ ಎಲ್ಲಿಗೆ ಹೋಗುತ್ತದೆಂದು ಒಮ್ಮೆ ಯೋಚಿಸಿ. ತೆಂಕಕ್ಕೆ ಹೋದರೆ ಪಡುಬಿದ್ರಿ, ಮೂಲ್ಕಿ, ಮಂಗಳೂರು ಕಳೆದು ಕಾಸರಗೋಡು. ಅಲ್ಲಿಂದ ಒಳನಾಡಿಗೆ ತಿರುಗಿ ಚೆರ್ಕಳ ದಾಟಿದರೆ ಎಡನೀರು ಮಠ. ಪಡುಬಿದ್ರಿಯಲ್ಲೇ ಮೂಡಕ್ಕೆ ಹೊರಳಿದರೆ ನಂದಿಕೂರು, ಬೆಳ್ಮಣ್, ನಿಟ್ಟೆ, ಕಾರ್ಕಳ. ಅದೇ ಕಾರ್ಕಳ ತಾಲೂಕಿನಲ್ಲಿ ಕೌಡೂರು. ಎಡನೀರಿನ ಸ್ವಾಮೀಜಿ ಸುಪ್ರೀಂ ಕೋರ್ಟಿಗೆ ಒಂದು ಅರ್ಜಿ ಹಾಕಿದರು. ಅದನ್ನು ಕೇಳಿದ ಹದಿಮೂರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಕೌಡೂರಿನಲ್ಲಿ ಹುಟ್ಟಿದವರು. ದೇಶದ ಸಂಸತ್ತಿನ ಕೈ ಎಲ್ಲಿಯವರೆಗೆ ಚಾಚಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ಇವತ್ತಿಗೂ ನಿರ್ಧರಿಸುತ್ತಿರುವುದು ಆ ತೀರ್ಪು.

ಇಂಥ ನೆಲದಲ್ಲಿ ಹುಟ್ಟಿದ ನೀವು ಪಿಯುಸಿ ಮುಗಿಯುತ್ತಲೇ ನೀಟ್, ಸಿಇಟಿ, ಸಿಎ ಎಂದು ಓಡುತ್ತೀರಿ. ಮಣಿಪಾಲ ಹತ್ತಿರವಿದೆ, ಬ್ಯಾಂಕಿನ ಕೆಲಸದ ನೆನಪು ಮನೆಮನೆಯಲ್ಲಿದೆ, ಗಲ್ಫಿನ ದಾರಿ ಹಳೆಯದು. ತಪ್ಪೇನೂ ಇಲ್ಲ. ಆದರೆ ಕಾನೂನು ಓದುತ್ತೇನೆ ಎಂದವನನ್ನು ಮಾತ್ರ ಮನೆಯವರು ಅನುಮಾನದಿಂದ ನೋಡುತ್ತಾರೆ. ಕೋರ್ಟೆಂದರೆ ಜಗಳಗಂಟರ ಜಾಗ, ವಾಯಿದೆಯ ಮೇಲೆ ವಾಯಿದೆ; ಗೆದ್ದವ ಸೋತ, ಸೋತವ ಸತ್ತ. ಈ ಗಾದೆ ಹುಟ್ಟಿದ್ದಕ್ಕೆ ಕಾರಣವಿದೆ. ಕೋರ್ಟು ಅಲೆದು ಸವೆದ ಕುಟುಂಬಗಳು ನಮ್ಮ ಸುತ್ತಲೂ ಇವೆ. ಆದರೂ ಕಾನೂನಿನ ಬಗ್ಗೆ ನಾವು ಮಕ್ಕಳಿಗೆ ಹೇಳಿಕೊಡುವುದು ಇದಿಷ್ಟೇ ಆದರೆ, ಅವರ ಕೈಯಿಂದ ದೊಡ್ಡ ಶಕ್ತಿಯೊಂದನ್ನು ನಾವೇ ಕಿತ್ತುಕೊಂಡ ಹಾಗಾಗುತ್ತದೆ.

ಕಾನೂನು ಎಂದರೆ ದಪ್ಪ ಪುಸ್ತಕ, ಕರಿ ಕೋಟು, ಕಲಂಗಳ ಸಂಖ್ಯೆ ಎಂದು ತಿಳಿಯಬೇಡಿ. ಅದರ ಬೇರು ಒಂದು ಪ್ರಶ್ನೆಯಲ್ಲಿದೆ: ಯಾವ ಕಾರಣಕ್ಕೆ? ನನ್ನನ್ನು ಹಿಡಿಯುತ್ತೀಯ, ಯಾವ ಕಾರಣಕ್ಕೆ? ನನ್ನ ಜಾಗ ತೆಗೆದುಕೊಳ್ಳುತ್ತೀಯ, ಯಾವ ಕಾನೂನಿನಡಿ? ನನ್ನ ಅರ್ಜಿ ತಳ್ಳಿಹಾಕಿದ್ದೀಯ, ಏಕೆ ಎಂದು ಬರೆದು ಕೊಡು. ಅಧಿಕಾರದಲ್ಲಿರುವವನು ಕಾರಣ ಹೇಳಲೇಬೇಕಾದ ಕಡೆ ಕಾನೂನಿನ ಆಳ್ವಿಕೆ ಇದೆ. ಹೇಳದೆಯೂ ನಡೆಯುತ್ತದೆ ಎಂಬ ಕಡೆ ಇರುವುದು ಬರೀ ಆಳ್ವಿಕೆ. ಕಾನೂನಿನ ಮೊದಲ ವರ್ಷದ ವಿದ್ಯಾರ್ಥಿ ಕಲಿಯುವ ತತ್ವಗಳನ್ನೆಲ್ಲ ಈ ಒಂದು ಪ್ರಶ್ನೆಯ ಬೆಳಕಿನಲ್ಲಿ ಓದಬಹುದು.

ಸಹಜ ನ್ಯಾಯ ಎಂಬ ಪಾಠದಿಂದ ತೊಡಗೋಣ. ಅದಕ್ಕೆ ಎರಡು ಕಾಲು. ಎರಡೂ ಕಡೆಯವರ ಮಾತು ಕೇಳದೆ ತೀರ್ಮಾನ ಕೊಡಬಾರದು. ತನ್ನದೇ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು. ಕಾಲೇಜಿನಲ್ಲಿ ಇದನ್ನು ಲ್ಯಾಟಿನ್ ಸೂತ್ರಗಳಾಗಿ ಬಾಯಿಪಾಠ ಮಾಡಿಸುತ್ತಾರೆ. ತುಳುನಾಡಿನ ಮಕ್ಕಳಿಗೆ ಇದರಲ್ಲಿ ಹೊಸದೇನೂ ಇಲ್ಲ. ನೇಮದ ಕಳದಲ್ಲಿ ದೂರು ಬಂದಾಗ ಒಬ್ಬನ ಮಾತಷ್ಟೇ ಕೇಳಿ ನುಡಿ ಆಗುವುದಿಲ್ಲ, ಎದುರಿನವನನ್ನೂ ಕರೆಯುತ್ತಾರೆ. ಊರ ಸಮಸ್ತರ ಎದುರು ಇಬ್ಬರೂ ಹೇಳಿಕೊಳ್ಳಬೇಕು. ದೈವದ ನುಡಿಗೆ ಮೇಲ್ಮನವಿ ಇಲ್ಲ, ಅದು ನಂಬಿಕೆಯ ನ್ಯಾಯ. ಕೋರ್ಟಿನದು ಪುರಾವೆಯ ನ್ಯಾಯ. ಅಲ್ಲಿ ನ್ಯಾಯಾಧೀಶ ಯಾಕೆ ಹೀಗೆ ತೀರ್ಮಾನಿಸಿದೆ ಎಂದು ಬರೆದು ಸಹಿ ಹಾಕಬೇಕು, ಆ ಬರಹವನ್ನು ಮೇಲಿನ ಕೋರ್ಟು ಓದಿ ಅಳೆಯುತ್ತದೆ. ಎರಡೂ ಕಡೆಯವರನ್ನು ಕೇಳಬೇಕೆಂಬ ಹಸಿವಂತೂ ಎರಡರಲ್ಲೂ ಒಂದೇ. ಕಾನೂನು ಪರದೇಶದಿಂದ ಬಂದ ವಿದ್ಯೆ, ನಮ್ಮದಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಕಟ್ಟಳೆಯೂ ಕಾನೂನಿನ ಮೂಲಗಳಲ್ಲಿ ಒಂದು ಎಂದು ಪಠ್ಯದಲ್ಲಿ ಓದುತ್ತೀರಿ. ಅದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ, ನಿಮ್ಮ ಅಜ್ಜಿಯನ್ನು ಕೇಳಿ. ಅಳಿಯಸಂತಾನದಲ್ಲಿ ಕುಟುಂಬ, ಕವರು (ತಾಯಿಯ ಕಡೆಯ ಕವಲು), ಯಜಮಾನ ಎಂಬ ಏರ್ಪಾಡು ಹೇಗಿತ್ತು, ಸೋದರಮಾವನ ಮಾತು ಎಷ್ಟು ನಡೆಯುತ್ತಿತ್ತು ಎಂದು ಅವರು ಹೇಳುತ್ತಾರೆ. ಬ್ರಿಟಿಷರ ಕಾಲದ ಮದ್ರಾಸ್ ಹೈಕೋರ್ಟು, ಕುಟುಂಬದ ಒಬ್ಬ ಸದಸ್ಯ ಪಾಲು ಬೇಕೆಂದು ಹಟ ಹಿಡಿಯುವಂತಿಲ್ಲ ಎಂದು ತೀರ್ಮಾನಿಸಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲಿನ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದಾಗ ಅದರಲ್ಲಿ ಅಳಿಯಸಂತಾನದವರಿಗೆಂದೇ ಪ್ರತ್ಯೇಕ ಮಾತುಗಳನ್ನು ಸೇರಿಸಿದರು. ದಿಲ್ಲಿಯಲ್ಲಿ ಕುಳಿತು ಬರೆದ ಕಾಯಿದೆಯೊಳಗೆ ನಮ್ಮ ಗುತ್ತಿನ ಮನೆಯ ಚಾವಡಿಯ ಮಾತು ಹೊಕ್ಕಿದೆ. ಅದನ್ನು ಓದಿ ಅರ್ಥ ಮಾಡಿಕೊಳ್ಳುವ ಹಕ್ಕು ನಿಮಗಿಂತ ಹೆಚ್ಚು ಯಾರಿಗಿದೆ?

ಭೂಮಿಯ ಕಥೆಗೆ ಬರುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಕಾನೂನು ಎಂಬುದು ಬಡವನ ಹಟ್ಟಿಯ ಬಾಗಿಲಿಗೆ ಬಂದು ನಿಂತದ್ದು ಆಗಲೇ. 1974ರ ಮಾರ್ಚ್ 1ರಂದು ದೇವರಾಜ ಅರಸು ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಆವತ್ತಿನಿಂದ ಗೇಣಿ ಭೂಮಿಯೆಲ್ಲ ಸರಕಾರದ ವಶ. ಉಳುತ್ತಿದ್ದ ಒಕ್ಕಲು ತನ್ನ ಹೆಸರಿಗೆ ಬೇಕೆಂದು 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ನಮ್ಮ ಕಡೆ ಇವತ್ತಿಗೂ ಅದಕ್ಕೆ ಡಿಕ್ಲರೇಷನ್ ಕೊಟ್ಟದ್ದು ಎನ್ನುತ್ತಾರೆ. ಅಸಿಸ್ಟೆಂಟ್ ಕಮಿಷನರ್ ಮತ್ತು ಸರಕಾರ ನೇಮಿಸಿದ ನಾಲ್ವರು ಸೇರಿ ಭೂನ್ಯಾಯಮಂಡಳಿ. ಅದರೆದುರು ವಕೀಲರು ಹಾಜರಾಗಬಾರದು ಎಂಬ ನಿಯಮ ಮೊದಲಿಗಿತ್ತು, ಮುಂದೆ ಅದನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅಂದರೆ ತಲೆತಲಾಂತರದಿಂದ ಧನಿಗಳ ಅಂಗಳದಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದ ಒಕ್ಕಲು, ಅದೇ ಧನಿಗಳ ಎದುರು ನಿಂತು ಈ ಗದ್ದೆಯಲ್ಲಿ ಉಳುವವ ನಾನು ಎಂದು ತನ್ನ ಬಾಯಿಯಿಂದಲೇ ಹೇಳಬೇಕಾಯಿತು.

ಆ ಧೈರ್ಯವನ್ನು ಊಹಿಸಿಕೊಳ್ಳಿ. ನಿಮ್ಮಲ್ಲಿ ಎಷ್ಟೋ ಜನ ಇವತ್ತು ಮಲಗುವ ಮನೆ ಅಂಥ ಒಂದು ಡಿಕ್ಲರೇಷನ್ನಿನ ಮೇಲೆ ನಿಂತಿದೆ. ಕಪಾಟಿನ ಹಳೆಯ ಕಡತದಲ್ಲಿ ಆ ಆದೇಶದ ಪ್ರತಿ ಇರಬಹುದು. ತೆಗೆದು ಓದಿ. ಗೇಣಿ ಚೀಟು ಏನು ಹೇಳುತ್ತಿತ್ತು, ಮೂಲಗೇಣಿಗೂ ಚಾಲಗೇಣಿಗೂ ಏನು ವ್ಯತ್ಯಾಸ, ಆರ್‌ಟಿಸಿಯಲ್ಲಿ ಯಾರ ಹೆಸರಿತ್ತು, ನೆರೆಯವ ಏನು ಸಾಕ್ಷಿ ಹೇಳಿದ. ಪುರಾವೆ, ಸಾಕ್ಷ್ಯ, ಪುರಾವೆಯ ಹೊಣೆ ಯಾರ ಮೇಲೆ ಎಂಬ ಪಾಠಗಳೆಲ್ಲ ಆ ನಾಲ್ಕು ಹಾಳೆಯಲ್ಲಿವೆ. ಕಾರಣ ಬರೆಯದೆ ಮಂಡಳಿ ಕೊಟ್ಟ ಆದೇಶಗಳನ್ನು ಹೈಕೋರ್ಟು ಮರುವಿಚಾರಣೆಗೆ ಹಿಂದಕ್ಕೆ ಕಳಿಸಿದ್ದೂ ಇದೆ. ಫಾರಂ ಹಾಕಲು ಕೊನೆಯ ಗಡುವು 1979ರ ಜೂನ್ 30. ಹೆದರಿಕೆಯಿಂದಲೋ ಧನಿಗಳ ದಾಕ್ಷಿಣ್ಯದಿಂದಲೋ ಕೈಕಟ್ಟಿ ಕುಳಿತವನ ಹಕ್ಕು ಆ ದಿನಕ್ಕೆ ಜಾರಿಹೋಯಿತು. ಕಾಲಮಿತಿ ಎಂಬುದು ಕಾನೂನಿನಲ್ಲಿ ಎಷ್ಟು ಕಠೋರ ಮಾತು ಎಂದು ತಿಳಿಯಬೇಕಾದರೆ ಅಂಥ ಮನೆಗಳಲ್ಲಿ ವಿಚಾರಿಸಬೇಕು. ಸಾಲ ವಸೂಲಿಯ ದಾವೆಗೆ ಮೂರು ವರ್ಷ, ಜಾಗದ ಸ್ವಾಧೀನಕ್ಕೆ ಹನ್ನೆರಡು ವರ್ಷ, ಹೆದ್ದಾರಿಗೆ ಭೂಮಿ ತೆಗೆದುಕೊಳ್ಳುವ ಪ್ರಕಟಣೆಗೆ ಆಕ್ಷೇಪ ಸಲ್ಲಿಸಲು ಇಪ್ಪತ್ತೊಂದು ದಿನ. ಹೆದ್ದಾರಿ 66 ಅಗಲವಾದಾಗ ಈ ಇಪ್ಪತ್ತೊಂದು ದಿನದ ವಿಷಯ ನಮ್ಮ ಬದಿಯ ಎಷ್ಟು ಮನೆಗಳಿಗೆ ಗೊತ್ತಿತ್ತು? ಮನೆಗೊಬ್ಬರು ಕಾನೂನು ಬಲ್ಲವರಿದ್ದಿದ್ದರೆ ಎಂದು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ.

ಈಗ ಎಡನೀರು. ಅಲ್ಲಿಯದೂ ಭೂಸುಧಾರಣೆಯ ಕಥೆಯೇ, ಆದರೆ ಎದುರು ದಡದಿಂದ. ಕೇರಳದ ಭೂಸುಧಾರಣಾ ಕಾನೂನು ಮಠದ ಭೂಮಿಗೆ ಕೈಹಾಕಿದಾಗ ಕೇಶವಾನಂದ ಭಾರತೀ ಸ್ವಾಮೀಜಿ 1970ರ ಮಾರ್ಚ್‌ನಲ್ಲಿ ನೇರ ಸುಪ್ರೀಂ ಕೋರ್ಟಿಗೆ ಹೋದರು. ಅವರಿಗಾಗ ಮೂವತ್ತು ತುಂಬಿರಲಿಲ್ಲ. ಯಕ್ಷಗಾನ, ಸಂಗೀತಗಳನ್ನು ಪ್ರೀತಿಸಿದ, ಕಾಸರಗೋಡಿನ ಕನ್ನಡಿಗರಿಗೆ ಆಸರೆಯಾಗಿದ್ದ ಯತಿ. ಅರ್ಜಿ ನಡೆಯುತ್ತಿರುವಾಗಲೇ ಸಂಸತ್ತು ಸಂವಿಧಾನಕ್ಕೆ ಹೊಸ ತಿದ್ದುಪಡಿಗಳನ್ನು ತಂದಿತು. ಮಠದ ಭೂಮಿಯ ಪ್ರಶ್ನೆ ಬೆಳೆದು, ಬಹುಮತವಿದ್ದ ಮಾತ್ರಕ್ಕೆ ಸಂಸತ್ತು ಸಂವಿಧಾನವನ್ನು ಹೇಗೆ ಬೇಕಾದರೂ ತಿದ್ದಬಹುದೇ ಎಂಬ ಪ್ರಶ್ನೆಯಾಯಿತು. ಹದಿಮೂರು ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿತು. ಅರ್ಜಿದಾರರ ಪರ ನಾನಿ ಪಾಲ್ಖಿವಾಲಾ. 1973ರ ಏಪ್ರಿಲ್ 24ರಂದು 7–6ರ ಅಂತರದಲ್ಲಿ ತೀರ್ಪು ಬಂತು: ಸಂಸತ್ತು ಯಾವ ವಿಧಿಯನ್ನೂ ತಿದ್ದಬಹುದು, ಸಂವಿಧಾನದ ಮೂಲಸ್ವರೂಪವನ್ನು ಮಾತ್ರ ಕೆಡಿಸುವಂತಿಲ್ಲ.

ಕಾರ್ಕಳ ತಾಲೂಕಿನ ಕೌಡೂರಿನಲ್ಲಿ 1909ರಲ್ಲಿ ಹುಟ್ಟಿದ ಕೆ. ಸದಾನಂದ ಹೆಗ್ಡೆಯವರು ಆ ಏಳರಲ್ಲಿ ಒಬ್ಬರು. ಸಂಸತ್ತಿನ ತಿದ್ದುಪಡಿಯ ಅಧಿಕಾರಕ್ಕೆ ಮಿತಿಯಿದೆ ಎಂದು ನ್ಯಾಯಮೂರ್ತಿ ಮುಖರ್ಜಿಯವರ ಜೊತೆ ಸೇರಿ ಬರೆದರು. ತೀರ್ಪಿನ ಬೆನ್ನಿಗೇ ಸರಕಾರ ಹಿರಿತನದಲ್ಲಿ ಮುಂದಿದ್ದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಆ ಮೂವರೂ ಸರಕಾರದ ಅಧಿಕಾರಕ್ಕೆ ಮಿತಿ ಹಾಕಿದವರು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು. ಮುಖ್ಯ ನ್ಯಾಯಮೂರ್ತಿಯ ಕುರ್ಚಿ ಕೈಗೆಟಕುವಷ್ಟು ಹತ್ತಿರದಲ್ಲಿದ್ದಾಗ ತನಗೆ ಸರಿ ಕಂಡದ್ದನ್ನು ಬರೆದು, ಅದರ ಬೆಲೆ ತೆತ್ತು ಎದ್ದುಬಂದ ಮನುಷ್ಯ ನಮ್ಮ ಪಕ್ಕದ ಊರಿನವರು! 1977ರಲ್ಲಿ ಅವರು ಲೋಕಸಭೆಯ ಸ್ಪೀಕರ್ ಆದರು. 1979ರಲ್ಲಿ ನಿಟ್ಟೆಯ ವಿದ್ಯಾಸಂಸ್ಥೆಗಳನ್ನು ಕಟ್ಟತೊಡಗಿದರು. ಅವರ ಮಗ ಸಂತೋಷ್ ಹೆಗ್ಡೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ, ಆಮೇಲೆ ಕರ್ನಾಟಕದ ಲೋಕಾಯುಕ್ತರಾಗಿ ಗಣಿ ವರದಿ ಬರೆದದ್ದು ನಿಮಗೆ ಗೊತ್ತಿರಬಹುದು. ನಿಟ್ಟೆಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತೆಂದು ಸಂತೋಷಪಡುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ, ಆ ಸಂಸ್ಥೆ ಕಟ್ಟಿದವರು 1973ರ ಏಪ್ರಿಲ್‌ನಲ್ಲಿ ಏನು ಮಾಡಿದರೆಂದು ಗೊತ್ತು?

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾದ ಮಾತೊಂದಿದೆ. ಡಿಕ್ಲರೇಷನ್ ಹಾಕಿದ ಒಕ್ಕಲಿನ ಮೊಮ್ಮಗನಿಗೆ ಭೂಸುಧಾರಣೆ ವರ. ಮಠಕ್ಕೆ ಅದೇ ಸಂಕಟ. ಮಠದ ಭೂಮಿಯೇನೂ ಆ ತೀರ್ಪಿನಿಂದ ಉಳಿಯಲಿಲ್ಲ. ಆದರೆ ಭೂಮಿ ಉಳಿಸಿಕೊಳ್ಳಲು ಹೋದ ಅರ್ಜಿಯಿಂದ ಹುಟ್ಟಿದ ತತ್ವ ಒಕ್ಕಲಿನ ಮೊಮ್ಮಗನನ್ನೂ ಕಾಯುತ್ತಿದೆ. ಯಾವ ಸರಕಾರ ಬಂದರೂ, ಎಷ್ಟೇ ಸೀಟು ಗೆದ್ದರೂ, ಅವನ ಮತದ ಹಕ್ಕನ್ನೋ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನೋ ಅಳಿಸಿಹಾಕಲು ಆಗದು. ಕಾನೂನಿನಲ್ಲಿ ಒಳ್ಳೆಯವರು ಒಂದು ಕಡೆ, ಕೆಟ್ಟವರು ಇನ್ನೊಂದು ಕಡೆ ಎಂದು ನಿಲ್ಲುವುದು ಕಡಿಮೆ. ಎರಡು ಹಕ್ಕುಗಳು ಎದುರುಬದುರಾಗುತ್ತವೆ, ಎರಡಕ್ಕೂ ಕಾರಣಗಳಿರುತ್ತವೆ. ಅವನ್ನು ತೂಗಲು ಕಲಿತ ಮನಸ್ಸು ಬೇರೆಯೇ ಹದಕ್ಕೆ ಬರುತ್ತದೆ. ಯೌವನದಲ್ಲೇ ಆ ಹದ ಸಿಕ್ಕಿದವನು ಭಾಗ್ಯವಂತ.

ಇನ್ನೊಂದು ಹೆಸರು ಹೇಳಬೇಕು. ಬೆನಗಲ್ ನರಸಿಂಗ ರಾವ್. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ಅಲ್ಲಿನ ಕೆನರಾ ಹೈಸ್ಕೂಲಿನಲ್ಲಿ ಓದಿದವರು. ಸಂವಿಧಾನ ಸಭೆಯ ಸಂವಿಧಾನ ಸಲಹೆಗಾರರಾಗಿ 1947ರ ಅಕ್ಟೋಬರ್‌ನಲ್ಲಿ ಅವರು ಸಿದ್ಧಪಡಿಸಿದ ಮೊದಲ ಕರಡಿನಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಇದ್ದವು. ಡಾ. ಅಂಬೇಡ್ಕರರ ಕರಡು ಸಮಿತಿ ಕೆಲಸಕ್ಕೆ ಕುಳಿತದ್ದು ಆ ಕರಡನ್ನು ಮುಂದಿಟ್ಟುಕೊಂಡು. 1949ರ ನವೆಂಬರ್ 25ರ ಕೊನೆಯ ಭಾಷಣದಲ್ಲಿ ಅಂಬೇಡ್ಕರರು, ತನಗೆ ಸಲ್ಲುತ್ತಿರುವ ಶ್ರೇಯಸ್ಸಿನಲ್ಲಿ ಒಂದು ಪಾಲು ಬಿ.ಎನ್. ರಾಯರದು ಎಂದು ಸಭೆಯ ಎದುರೇ ಹೇಳಿದರು. ದೊಡ್ಡವರ ನಡುವಿನ ಈ ಋಣ ಸಂದಾಯ ಓದಿದಾಗ ನನಗೆ ಹೆಮ್ಮೆಯೂ ಆಗುತ್ತದೆ, ಎದೆಯೂ ತುಂಬುತ್ತದೆ.

ರಾಯರು ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಜೊತೆ ಮಾತಾಡಿ ಬಂದರು. ಒಬ್ಬನ ಜೀವ, ಸ್ವಾತಂತ್ರ್ಯ ಕಸಿಯಬೇಕಾದರೆ ಕಾನೂನಿನ ಕ್ರಮ ನ್ಯಾಯವಾಗಿರಬೇಕು ಎಂದು ಬರೆದರೆ ನ್ಯಾಯಾಧೀಶರ ಕೈಗೆ ವಿಪರೀತ ಅಧಿಕಾರ ಹೋಗುತ್ತದೆ ಎಂಬ ಎಚ್ಚರಿಕೆ ಅಲ್ಲಿ ಸಿಕ್ಕಿತು. ಕೊನೆಗೆ 21ನೇ ವಿಧಿಯಲ್ಲಿ ಉಳಿದದ್ದು ಕಾನೂನಿನ ಮೂಲಕ ಸ್ಥಾಪಿತವಾದ ಕ್ರಮ ಎಂಬಷ್ಟೇ ಮಾತು. 1950ರಲ್ಲಿ ಎ.ಕೆ. ಗೋಪಾಲನ್ ಸೆರೆಮನೆಯಿಂದ ಸುಪ್ರೀಂ ಕೋರ್ಟಿಗೆ ಹೋದಾಗ, ಕಾನೂನು ಮಾಡಿದೆ, ಕ್ರಮ ಬರೆದಿದೆ, ಅಷ್ಟು ಸಾಕು ಎಂದಿತು ಬಹುಮತದ ತೀರ್ಪು. ಅದೇ ಗೋಪಾಲನ್ ಮುಂದೆ ಕಾಸರಗೋಡಿನ ಸಂಸದರಾದರು. ಇಪ್ಪತ್ತೇಳು ವರ್ಷ ಕಳೆದ ಮೇಲೆ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸರಕಾರ ವಶಪಡಿಸಿಕೊಂಡಿತು. ಯಾಕೆ ಎಂದು ಕೇಳಿದರೆ, ಸಾರ್ವಜನಿಕ ಹಿತಕ್ಕಾಗಿ ಕಾರಣ ಹೇಳುವುದಿಲ್ಲ ಎಂಬ ಉತ್ತರ! 1978ರ ಜನವರಿ 25ರಂದು ಸುಪ್ರೀಂ ಕೋರ್ಟು, ಕ್ರಮ ಇದ್ದರೆ ಸಾಲದು, ಅದು ನ್ಯಾಯವೂ ಯುಕ್ತವೂ ಆಗಿರಬೇಕು, ಎದುರಿನವನ ಮಾತು ಕೇಳಬೇಕು ಎಂದಿತು. ಇವತ್ತು ಶುದ್ಧ ಗಾಳಿಯ ಹಕ್ಕು, ಖಾಸಗಿತನದ ಹಕ್ಕು ಎಂದು ಏನೆಲ್ಲ ಕೇಳುತ್ತೇವೋ ಅದರ ಬಹುಪಾಲು ಆ ಬಾಗಿಲಿನಿಂದ ಬಂದದ್ದು. ಖಾಸಗಿತನದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅರ್ಜಿ ಹಾಕಿದಾಗ ಎಂಬತ್ತೈದು ದಾಟಿದ್ದ ಹಿರಿಯರು. 2017ರ ಆಗಸ್ಟ್ 24ರಂದು ತೀರ್ಪಿತ್ತ ಒಂಬತ್ತು ಮಂದಿಯಲ್ಲಿ ಒಬ್ಬರಾದ ಎಸ್. ಅಬ್ದುಲ್ ನಜೀರ್ ಮೂಡುಬಿದಿರೆ ಬಳಿಯ ಬೆಳುವಾಯಿಯಲ್ಲಿ ಹುಟ್ಟಿದವರು, ಮಂಗಳೂರಿನಲ್ಲಿ ಕಾನೂನು ಓದಿದವರು. ಹಳ್ಳಿಯ ಮನೆಯಿಂದ ಮೇಲೆ ಬಂದವರು. ಕಾನೂನಿನ ದೊಡ್ಡ ಮನೆಗೆ ದೊಡ್ಡವರ ಮಕ್ಕಳಿಗಷ್ಟೇ ಪ್ರವೇಶ ಎಂಬ ಅಳುಕು ನಿಮಗಿದ್ದರೆ ಇವತ್ತೇ ಬಿಟ್ಟುಬಿಡಿ.

ಇಷ್ಟು ದೂರದ ಮಾತು ಬೇಡ, ಎಲ್ಲೂರಿಗೆ ಬನ್ನಿ. ನಮ್ಮ ನೆರೆಯಲ್ಲೇ 1200 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ ಕಾಣುತ್ತದೆ. ಕಲ್ಲಿದ್ದಲಿನ ಧೂಳು, ಹಾರುಬೂದಿ, ಉಪ್ಪಾದ ಬಾವಿ ನೀರು ಎಂದು ಸುತ್ತಲಿನವರು ವರ್ಷಗಟ್ಟಲೆ ದೂರಿದರು. ನಂದಿಕೂರಿನ ಜನಜಾಗೃತಿ ಸಮಿತಿ ಆ ದೂರನ್ನು ಹಸಿರು ನ್ಯಾಯಮಂಡಳಿಯ ಮುಂದಿಟ್ಟು ಬಿಡದೆ ಹೋರಾಡಿತು. 2022ರ ಮೇ 31ರಂದು ಮಂಡಳಿಯ ದಕ್ಷಿಣ ಪೀಠ ಸ್ಥಾವರದ ಮೇಲೆ 52 ಕೋಟಿ ರೂಪಾಯಿಗೂ ಮೀರಿದ ಪರಿಸರ ಪರಿಹಾರ ವಿಧಿಸಿ ಆದೇಶ ಮಾಡಿತು. ಮಲಿನ ಮಾಡಿದವನೇ ಅದರ ವೆಚ್ಚ ತೆರಬೇಕು. ಹಾನಿಯ ಭಯವಿರುವಲ್ಲಿ ಮೊದಲೇ ಎಚ್ಚರ ವಹಿಸಬೇಕು. 2010ರ ಹಸಿರು ನ್ಯಾಯಮಂಡಳಿ ಕಾಯಿದೆಯ 20ನೇ ಕಲಮಿನಲ್ಲಿ ಈ ತತ್ವಗಳು ಬರೆದೇ ಇವೆ. ಬರೆದಿದ್ದರೆ ಸಾಲದು, ಎತ್ತಿ ತೋರಿಸಲು ಜನ ಬೇಕು. ಒಂದು ಊರಿನ ಸಮಿತಿ ಕಾಗದ ಕೂಡಿಟ್ಟು, ನೀರಿನ ಪರೀಕ್ಷೆಯ ವರದಿ ಹಿಡಿದು, ಚೆನ್ನೈಯ ಪೀಠದವರೆಗೆ ಹೋಗಲು ಎಷ್ಟು ತಾಳ್ಮೆ ಬೇಕು! ರಸ್ತೆ ತಡೆ ಒಂದು ದಿನದ ಸುದ್ದಿ. ಕಡತ ವರ್ಷಗಳ ತಪಸ್ಸು. ಆ ಕಡತ ಕಟ್ಟಲು ಬಲ್ಲ ಹತ್ತು ಯುವಕ ಯುವತಿಯರು ಈ ಕರಾವಳಿಯ ಪ್ರತಿ ಊರಿನಲ್ಲೂ ಬೇಕು ಎಂದು ನಾನು ಬೇಡುತ್ತಿದ್ದೇನೆ.

ಮೀನುಗಾರರ ಮಕ್ಕಳಿಗೆ ಇದನ್ನು ಇನ್ನೂ ಒತ್ತಿ ಹೇಳಬೇಕು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ, 10 ಅಶ್ವಶಕ್ತಿಯವರೆಗಿನ ನಾಡದೋಣಿಗೆ ಕೊಟ್ಟ ವಿನಾಯಿತಿ, ಬೆಳಕು ಹಾಕಿ ಮೀನು ಹಿಡಿಯುವುದರ ಮೇಲೆ 2017ರಲ್ಲಿ ಕೇಂದ್ರ ತಂದ ನಿಷೇಧ, ಕಡಲ ಬದಿಯಲ್ಲಿ ಎಲ್ಲಿ ಮನೆ ಕಟ್ಟಬಹುದು ಎಂದು ಹೇಳುವ ಸಿಆರ್‌ಝಡ್ ನಕ್ಷೆ. ನಿಮ್ಮ ಅಪ್ಪ ಬಲೆ ಎಳೆಯುವ ಕಡಲೂ ನಿಮ್ಮ ಮನೆಯ ಹಿತ್ತಿಲೂ ಕಾನೂನಿನ ಗೆರೆಯೊಳಗೇ ಇವೆ. ಆ ಗೆರೆ ಎಳೆಯುವ ಮೊದಲು ಸಾರ್ವಜನಿಕರ ಅಹವಾಲು ಕರೆಯುತ್ತಾರೆ. ಆಗ ನಕ್ಷೆ ಓದಲು ಬಲ್ಲ ಮೊಗವೀರರ ಮಗಳೊಬ್ಬಳು ಎದ್ದು ನಿಂತು ನಮ್ಮ ಮನೆಗಳನ್ನು ಇದರಲ್ಲಿ ಯಾಕೆ ತೋರಿಸಿಲ್ಲ ಎಂದು ಕೇಳಿದರೆ, ಅಧಿಕಾರಿ ಉತ್ತರ ಕೊಡಲೇಬೇಕು.

ನಮ್ಮ ಜಿಲ್ಲೆಯನ್ನು ಕಲಕಿದ ಒಂದು ಪ್ರಕರಣವನ್ನು ಹೇಳದೆ ಮುಂದೆ ಹೋಗಲಾರೆ. ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಿಂದ ಎದ್ದ ಹಿಜಾಬ್ ವಿವಾದ. 2022ರ ಮಾರ್ಚ್ 15ರಂದು ಹೈಕೋರ್ಟು ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅದೇ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಭಿನ್ನ ತೀರ್ಪು ಕೊಟ್ಟರು, ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸುವ ಹಾಗಾಯಿತು. ನೀವು ಯಾವ ಪಕ್ಷ ಎಂದು ನಾನು ಕೇಳುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತೇನೆ. ಅದರ ಬಗ್ಗೆ ಗಂಟಲು ಹರಿಯುವಂತೆ ಮಾತಾಡಿದ ನಮ್ಮ ಯುವಕರಲ್ಲಿ ಎಷ್ಟು ಜನ ಆ ತೀರ್ಪುಗಳನ್ನು ಓದಿದರು? ಒಂದೇ ಸಂವಿಧಾನವನ್ನು ಎದುರಿಗಿಟ್ಟುಕೊಂಡು ಇಬ್ಬರು ಅನುಭವಿ ನ್ಯಾಯಮೂರ್ತಿಗಳು ಬೇರೆ ಬೇರೆ ಕಡೆ ಹೋದರು. ಇಬ್ಬರೂ ಕಾರಣಗಳನ್ನು ಬರೆದರು, ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಓದಿ ಹೇಳಿದರು. ನಮಗೆ ಒಪ್ಪಿಗೆಯಿಲ್ಲದ ತೀರ್ಪನ್ನು ಮೊದಲು ಓದಬೇಕು. ಎದುರಿನವನ ಅತ್ಯಂತ ಬಲವಾದ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಲು ಬಂದ ಮೇಲೆ ಮಾತ್ರ ನಮ್ಮದನ್ನು ಹೇಳಬೇಕು. ಕೂಡಿ ಬಾಳುವ ಊರಿಗೆ ಈ ಅಭ್ಯಾಸ ಎಷ್ಟು ಬೇಕೆಂದು ಆ ತಿಂಗಳುಗಳನ್ನು ಕಂಡ ನಮಗೆ ಯಾರೂ ಹೇಳಬೇಕಾಗಿಲ್ಲ.

ದಿನನಿತ್ಯಕ್ಕೆ ಬೇಕಾದ ಕೆಲವು ಮಾತುಗಳನ್ನಾದರೂ ಇವತ್ತೇ ಕಲಿತುಕೊಳ್ಳಿ. ಪೊಲೀಸರು ಬಂಧಿಸಿದರೆ ಕಾರಣ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ನಿಮ್ಮ ಆಯ್ಕೆಯ ವಕೀಲರನ್ನು ಕಾಣಲು ಬಿಡಬೇಕು. ಇದು ಸಂವಿಧಾನದ 22ನೇ ವಿಧಿ. ಸಂಜ್ಞೇಯ ಅಪರಾಧದ ದೂರು ಬಂದರೆ ಠಾಣೆ ಎಫ್‌ಐಆರ್ ದಾಖಲಿಸಲೇಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಲಂಗಳ ಸಂಖ್ಯೆ ಬದಲಾಯಿತು, ಅಪರಾಧ ಸಾಬೀತಾಗುವವರೆಗೆ ಆರೋಪಿ ನಿರಪರಾಧಿ ಎಂಬ ತತ್ವ ಬದಲಾಗಲಿಲ್ಲ. ಐದು ಲಕ್ಷದವರೆಗಿನ ಗ್ರಾಹಕ ದೂರಿಗೆ ಶುಲ್ಕವೇ ಇಲ್ಲ, ನೀವೇ ನಿಂತು ವಾದಿಸಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗಬೇಕು. 15100ಕ್ಕೆ ಫೋನು ಮಾಡಿದರೆ ದಾರಿ ಹೇಳುತ್ತಾರೆ. ಮನೆಯಲ್ಲಿ ಹೊಡೆತ ತಿನ್ನುವ ಅಕ್ಕನಿಗೆ ಈ ಒಂದು ಸಂಖ್ಯೆ ಹೇಳಿಕೊಟ್ಟರೂ ನಿಮ್ಮ ಓದು ಫಲ ಕೊಟ್ಟಂತೆ.

ಕಾನೂನನ್ನೇ ವೃತ್ತಿ ಮಾಡಿಕೊಳ್ಳುವವರಿಗೆ ದಾರಿ ಹತ್ತಿರವೇ ಇದೆ. ಪಿಯುಸಿ ಆದ ಮೇಲೆ ಐದು ವರ್ಷ, ಪದವಿ ಆದ ಮೇಲೆ ಮೂರು ವರ್ಷ. ಉಡುಪಿಯ ಕುಂಜಿಬೆಟ್ಟಿನ ವೈಕುಂಠ ಬಾಳಿಗಾ ಕಾನೂನು ಕಾಲೇಜು 1957ರಿಂದ ನಡೆಯುತ್ತಿದೆ, ಟಿ.ಎಂ.ಎ. ಪೈಯವರು ಕಟ್ಟಿದ ಸಂಸ್ಥೆ, ಮೈಸೂರು ವಿಧಾನಸಭೆಯ ಸ್ಪೀಕರ್ ಆಗಿದ್ದ ಬಾಳಿಗರ ಹೆಸರು ಹೊತ್ತಿದೆ. ಕ್ಲಾಟ್ ಬರೆದು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಹೋಗುವ ಆಸೆಯೂ ಇರಲಿ. ಮೊದಲ ವರ್ಷಗಳಲ್ಲಿ ಕೈಗೆ ಕಾಸು ಬರುವುದು ಕಷ್ಟ, ಇದನ್ನು ಮುಚ್ಚಿಡುವುದಿಲ್ಲ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷ ವಕೀಲಿ ಮಾಡಿರಬೇಕೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮತ್ತೆ ಹೇಳಿದೆ. ಆ ಮೂರು ವರ್ಷವನ್ನು ಶಿಕ್ಷೆ ಎಂದುಕೊಳ್ಳಬೇಡಿ. ಹಿರಿಯ ವಕೀಲರ ಕಚೇರಿಯಲ್ಲಿ ಕುಳಿತು ಕಕ್ಷಿದಾರನ ಕಣ್ಣೀರಿನ ಕಥೆಯಿಂದ ಕೋರ್ಟಿಗೆ ಬೇಕಾದ ಸಂಗತಿಯನ್ನು ಹೆಕ್ಕುವುದು ಪುಸ್ತಕದಿಂದ ಬರುವ ವಿದ್ಯೆ ಅಲ್ಲ. ಇಂಗ್ಲಿಷಿನ ಹೆದರಿಕೆಯೂ ಬೇಡ. ಕೆಳ ನ್ಯಾಯಾಲಯಗಳಲ್ಲಿ ಕನ್ನಡ ನಡೆಯುತ್ತದೆ. 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೂ ಕನ್ನಡದಲ್ಲಿ ತೀರ್ಪು ಹೇಳಿತು. ಕಕ್ಷಿದಾರ ತುಳುವಿನಲ್ಲಿ ಅತ್ತದ್ದನ್ನು ಕನ್ನಡದಲ್ಲಿ ಬರೆದು ಇಂಗ್ಲಿಷಿನಲ್ಲಿ ವಾದಿಸಬಲ್ಲ ವಕೀಲನಿಗೆ ಈ ಜಿಲ್ಲೆಯಲ್ಲಿ ಕೆಲಸದ ಬರ ಬರುವುದಿಲ್ಲ.

ವಕೀಲರಾಗದಿದ್ದರೂ ಸರಿ, ಎರಡು ಕೆಲಸ ಮಾಡಿ. ಉಡುಪಿಗೆ ಹೋದಾಗ ಒಂದು ಬೆಳಗ್ಗೆ ಜಿಲ್ಲಾ ನ್ಯಾಯಾಲಯದೊಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಅಪರೂಪದ ಕೆಲವು ಪ್ರಕರಣ ಬಿಟ್ಟರೆ ಎಲ್ಲವೂ ತೆರೆದ ನ್ಯಾಯಾಲಯ, ಯಾರ ಅಪ್ಪಣೆಯೂ ಬೇಕಾಗಿಲ್ಲ. ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಹೇಗೆ ಪ್ರಶ್ನಿಸುತ್ತಾರೆ, ನ್ಯಾಯಾಧೀಶರು ಯಾವುದನ್ನು ಬರೆಸಿಕೊಳ್ಳುತ್ತಾರೆ, ಯಾವುದನ್ನು ಬಿಡುತ್ತಾರೆ ಎಂದು ನೋಡಿ. ಇನ್ನೊಂದು, ನಿಮ್ಮ ಪಂಚಾಯತಿನ ಮುಂದಿನ ಗ್ರಾಮಸಭೆಗೆ ಹೋಗಿ. ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು. ಕಳೆದ ಸಭೆಯ ನಿರ್ಣಯಗಳು ಏನಾದವು ಎಂದು ಕೇಳಿ. ಸಮಾಧಾನದ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ ಬರೆಯಿರಿ. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದಗಳೊಳಗೆ. ತೀರ್ಮಾನದಿಂದ ಬಾಧಿತರಾದವರಿಗೆ ಕಾರಣ ಕೊಡಬೇಕೆಂದು 2005ರ ಆ ಕಾಯಿದೆಯ 4(1)(ಡಿ) ಕಲಂ ಹೇಳುತ್ತದೆ, ಅದನ್ನೂ ಅರ್ಜಿಯಲ್ಲಿ ನಮೂದಿಸಿ. ನಕಲಿನ ಮೇಲೆ ಮೊಹರು ಹಾಕಿಸಿ ಸ್ವೀಕೃತಿ ತೆಗೆದುಕೊಂಡು ಬನ್ನಿ. ಉತ್ತರ ಕೊಡಲು ಅವರಿಗಿರುವ 30 ದಿನದ ಲೆಕ್ಕ ಆ ಮೊಹರಿನ ದಿನಾಂಕದಿಂದ.